ಮಾವನ ಗಿಟಾರಿಗೆ ಮೇಣ

ನಮ್ಮ ಮನೆಯಲ್ಲಿ ಕೆಟ್ಟ ಯಾವ ವಸ್ತುವೂ ಇನ್ನು ಮುಂದೆ ಹೊರಗಿನವರ ಕೈಗೆ ಹೋಗಕೂಡದು, ಎಲ್ಲವನ್ನೂ ನಾನೇ ರಿಪೇರಿ ಮಾಡುತ್ತೇನೆ ಎಂದು ಘೋಷಿಸಿದ ದಿನವೇ ಹೆಂಡತಿ ಗೋಡೆ ಗಡಿಯಾರ, ಟಾರ್ಚು, ಇಸ್ತ್ರಿಪೆಟ್ಟಿಗೆಗಳನ್ನು ಎತ್ತಿ ಕಪಾಟಿನ ಮೇಲಿನ ಖಾನೆಗೆ ಸಾಗಿಸಿದಳು. ತನ್ನ ಎಲೆಕ್ಟ್ರಿಕ್ ಗಿಟಾರನ್ನು ಮಾತ್ರ ಮೂಲೆಯಲ್ಲೇ ಬಿಟ್ಟಳು. ಅದನ್ನು ಮುಟ್ಟುವಷ್ಟು ಬುದ್ಧಿಗೇಡಿ ನಾನಲ್ಲ ಎಂದು ನಂಬಿದ್ದಳು, ಪಾಪ.

ನನ್ನದು ಕನ್ನಡಕದ ಅಂಗಡಿ. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ದಿನವಿಡೀ ತಿರುಗಿಸುವ ಕೈ ಇದು. ಇಂಥ ಕೈಗೆ ಒಂದು ಗಿಟಾರು ಯಾವ ಲೆಕ್ಕ!

ಆ ಗಿಟಾರನ್ನು ಮಾಡಿಕೊಟ್ಟವರು ನನ್ನ ಮಾವ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಮಗಳಿಗಾಗಿ ಹಲಗೆ ಕೊರೆದು, ಗಿಟಾರಿನ ನಾದವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ಪನ್ನೂ ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಕೈಯಾರೆ ಸುತ್ತಿದ್ದರು. ಸುತ್ತು ಒಂಚೂರು ಸಡಿಲ. ಹಾಗಾಗಿ ಆ ಗಿಟಾರಿಗೊಂದು ವಿಚಿತ್ರ ಗುಣವಿತ್ತು. ತಂತಿಗಳ ಹತ್ತಿರ ಮಾತಾಡಿದರೆ ಆ ಮಾತೂ ಬಾವಿಯೊಳಗಿಂದ ಬಂದ ಹಾಗೆ ಆಂಪ್ಲಿಫೈಯರಿನಲ್ಲಿ ಕೇಳಿಸುತ್ತಿತ್ತು. "ಇದಕ್ಕೆ ಕಿವಿ ಇದೆ ಮಗಳೇ, ಇದರ ಮುಂದೆ ಸುಳ್ಳು ಹೇಳ್ಬೇಡ" ಎನ್ನುತ್ತಿದ್ದರಂತೆ. ಮೊದಲು ತಂತಿಗಳ ಮೇಲೆ ಬಗ್ಗಿ ಒಂದು ರಾಗ ಗುನುಗುವುದು, ಆಮೇಲೆ ಅದನ್ನೇ ನುಡಿಸುವುದು, ಇದು ಅಪ್ಪ ಮಗಳ ಆಟ. ಮಾವ ತೀರಿಕೊಂಡ ಮೇಲೆ ಅವಳೊಬ್ಬಳೇ ಆಡುತ್ತಿದ್ದಳು.

ಇದನ್ನೆಲ್ಲ ಅವಳು ನನಗೆ ಎಷ್ಟೋ ಸಲ ಹೇಳಿದ್ದಳಂತೆ. ನಾನು ಲೆನ್ಸ್ ಒರೆಸುತ್ತಾ "ಹೂಂ" ಅಂದಿದ್ದೆನಂತೆ.

ಅವಳು ಪಾಠ ಹೇಳುವ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತು. ವೇದಿಕೆಯ ಮೇಲೆ ಅಪ್ಪನ ಆಟವನ್ನೇ ಆಡಿ ತೋರಿಸುತ್ತೇನೆ ಎಂದು ಹೊರಟಳು. ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಒಂದು ಎಕೋ ಪೆಡಲ್ ಕಳಿಸಿಕೊಟ್ಟ. ಕಾಲಲ್ಲಿ ಅದುಮಿದರೆ ಸಾಕು, ಒಂದು ಸಲ ನುಡಿಸಿದ್ದನ್ನು ಹತ್ತು ಸಲ ಹೇಳುವ ಪೆಟ್ಟಿಗೆ. ಅದನ್ನು ಪರೀಕ್ಷಿಸುವ ಗುರುತರ ಜವಾಬ್ದಾರಿಯನ್ನು ಯಾರೂ ಕೊಡದಿದ್ದರೂ ನಾನೇ ಹೊತ್ತುಕೊಂಡೆ. ಗಿಟಾರನ್ನು ಎದೆಗಾನಿಸಿ, ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿ, ಪೆಡಲ್ ಅದುಮಿ, ಷಡ್ಡಕನಿಗೆ ಫೋನು ಮಾಡಿದೆ.

"ಅತ್ತಿಗೆ ತಯಾರಿ ಹೇಗಿದೆಯಣ್ಣ?"

"ಏನ್ ತಯಾರಿನೋ! ಅವಳು ನುಡಿಸೋದು ಅಷ್ಟಕ್ಕಷ್ಟೇ" ಅಂದೆ.

"ಅಷ್ಟಕ್ಕಷ್ಟೇ... ಅಷ್ಟಕ್ಕಷ್ಟೇ... ಅಷ್ಟಕ್ಕಷ್ಟೇ..." ಎಂದಿತು ಆಂಪ್ಲಿಫೈಯರು. ಎದುರುಮನೆಯ ಟೈಲರು ಮಿಷನ್ ನಿಲ್ಲಿಸಿ ಕಿಟಕಿಗೆ ಬಂದ. ಅಡುಗೆಮನೆಯಿಂದ ಹೆಂಡತಿ ಬಂದಳು.

"ಅಪ್ಪ ಹೇಳಿದ್ದು ಸುಳ್ಳಲ್ಲ ನೋಡಿ" ಅಂದವಳೇ ಪೆಡಲ್ ಆರಿಸಿ ಒಳಗೆ ಹೋದಳು. ಅಷ್ಟೇ. ಎರಡು ಮಾತು ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ತಪ್ಪು ನನ್ನ ನಾಲಿಗೆಯದು. ರಿಪೇರಿ ಮಾಡಬೇಕಾಗಿದ್ದು ಅದನ್ನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗಿಟಾರು ಡೊಂಕು ಅಂದೆ. ಈ ಚಾಡಿಕೋರನಿಗೆ ಏನು ಮದ್ದು ಎಂದು ಷಡ್ಡಕನನ್ನು ಕೇಳಿದೆ.

"ಪಿಕಪ್ಪನ್ನ ಕರಗಿಸಿದ ಮೇಣದಲ್ಲಿ ಅದ್ದಿಬಿಟ್ರೆ ತಂತಿ ಮಧ್ಯದ ಸಂದೆಲ್ಲ ಮುಚ್ಚಿಹೋಗತ್ತೆ. ಆಮೇಲೆ ಬೇಡದ ಸದ್ದು ಒಂದೂ ಬರಲ್ಲ. ಆದ್ರೂ ಅತ್ತಿಗೇನ ಒಂದು ಮಾತು ಕೇಳಿ ಅಣ್ಣ."

"ಕೇಳೋದೇನಿದೆ, ನೋಡಿ ಖುಷಿಪಡ್ತಾಳೆ" ಅಂದೆ.

ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಕೆಲಸ ಶುರುವಾಯಿತು. ಮೇಣದ ಬತ್ತಿಗಳನ್ನು ಕರಗಿಸಲು ಕೈಗೆ ಸಿಕ್ಕಿದ್ದು ಹಾಲು ಕಾಯಿಸುವ ಪಾತ್ರೆ. ಪಿಕಪ್ಪನ್ನು ಬಿಚ್ಚಿ ಅದರಲ್ಲಿ ಮುಳುಗಿಸಿದಾಗ ತಂತಿಯ ಸಂದುಗಳಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಗುಳ್ಳೆ ನಿಂತ ಮೇಲೆ ಎತ್ತಿ, ಆರಿಸಿ, ಬೆಸುಗೆ ಹಾಕಿ, ಇದ್ದ ಹಾಗೇ ಕೂರಿಸಿದೆ. ಒಂದು ಸ್ಕ್ರೂ ಕೂಡ ಮಿಗಲಿಲ್ಲ! ಪಾತ್ರೆಯನ್ನೂ ನಾನೇ ತೊಳೆದೆ, ನನಗೆ ತಿಳಿದ ಮಟ್ಟಿಗೆ.

ಸಂಜೆ ಹೆಂಡತಿ ಲೋಟವನ್ನು ನನ್ನ ಮುಂದಿಟ್ಟು, "ಇವತ್ತು ಹಾಲಲ್ಲಿ ಕೆನೆ ಎಷ್ಟು ದಪ್ಪ ಕಟ್ಟಿದೆ ನೋಡಿ" ಅಂದಳು. ಗುಟ್ಟು ಬಿಟ್ಟುಕೊಡುವಂತಿರಲಿಲ್ಲ. "ಒಳ್ಳೇ ಹಾಲು" ಅನ್ನುತ್ತಾ ಕೆನೆಸಮೇತ ಕುಡಿದೆ. ಊಟದ ಹೊತ್ತಿನವರೆಗೂ ತುಟಿಗೆ ತುಟಿ ಅಂಟುತ್ತಿತ್ತು.

ಮಾರನೆಯ ದಿನವೇ ವಾರ್ಷಿಕೋತ್ಸವ. ಅದರ ಗಡಿಬಿಡಿಯಲ್ಲಿ ಅವಳು ಗಿಟಾರನ್ನು ಮತ್ತೆ ನುಡಿಸಲು ಎತ್ತಿಕೊಂಡದ್ದು ವೇದಿಕೆಯ ಮೇಲೆಯೇ. ನಾನು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಹೆಂಡತಿ ಮೈಕಿನಲ್ಲಿ, "ನಮ್ಮಪ್ಪ ಮಾಡಿದ ಈ ಗಿಟಾರಿಗೆ ಕಿವಿ ಇದೆ, ಕೇಳಿ" ಅಂದಳು. ಆಮೇಲೆ ಮೈಕನ್ನು ದೂರ ಸರಿಸಿ, ತಂತಿಗಳ ಮೇಲೆ ಬಗ್ಗಿ ಗುನುಗಿದಳು.

ಏನೂ ಕೇಳಿಸಲಿಲ್ಲ. ವಾಲ್ಯೂಮ್ ತಿರುಗಿಸಿದಳು, ಪೆಡಲ್ ಅದುಮಿದಳು, ಮತ್ತೆ ಬಗ್ಗಿದಳು. ಅವಳ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಹಿಂದೆ ಮಕ್ಕಳು ಕಿಸಕ್ಕನೆ ನಕ್ಕರು. ಲೆನ್ಸ್ ಒರೆಸುತ್ತಾ ನಾನು "ಹೂಂ" ಅಂದದ್ದೆಲ್ಲ ಯಾವ ಮಾತಿಗೆ ಎಂಬುದು ನನಗೆ ತಿಳಿದದ್ದು ಆಗ. ಕಾಲ ಮೇಲಿದ್ದ ಕಾಲನ್ನು ಕೆಳಗಿಳಿಸಿದೆ.

ಅವಳು ನೆಟ್ಟಗೆ ನಿಂತು ರಾಗವನ್ನು ಪೂರ್ತಿ ನುಡಿಸಿದಳು. ಒಂದು ಅಪಸ್ವರವಿಲ್ಲ, ಬೇಡದ ಸದ್ದಿಲ್ಲ. ಸಭೆ ಚಪ್ಪಾಳೆ ತಟ್ಟಿತು. ನಾನು ಇಷ್ಟು ಅಚ್ಚುಕಟ್ಟಾಗಿ ಮಾಡಿದ ರಿಪೇರಿ ಇನ್ನೊಂದಿಲ್ಲ, ಇಷ್ಟು ಹಾಳು ಮಾಡಿದ್ದೂ ಇನ್ನೊಂದಿಲ್ಲ.

ದಾರಿಯಲ್ಲಿ ಗಿಟಾರಿನ ಚೀಲ ಹೊತ್ತುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಮೇಣ, ಪಾತ್ರೆ, ಕೆನೆ, ಎಲ್ಲ.

"ಆ ಮೇಣ ತೆಗೆಯೋಕಾಗಲ್ವಾ?" ಎಂದು ಕೇಳಿದಳು.

"ತೆಗೆಯೋಕೆ ಹೋದ್ರೆ ಮಾವ ಸುತ್ತಿದ ತಂತಿನೇ ಹರಿದುಹೋಗತ್ತಂತೆ."

ಮನೆ ತಲುಪಿದ ಮೇಲೆ ಅವಳು ನನ್ನ ಹೆಗಲಿನಿಂದ ಚೀಲ ಇಳಿಸಿಕೊಂಡಳು. ಬೀಗ ತೆಗೆದು ಒಳಗೆ ಹೋಗಿ, ಗಿಟಾರನ್ನು ಮೂಲೆಯಲ್ಲಿಟ್ಟು, ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ನಾನು ಏನು ಮಾಡುವುದೆಂದು ತೋಚದೆ ಅಲ್ಲೇ ಕೂತು ಕನ್ನಡಕ ತೆಗೆದು ಒರೆಸತೊಡಗಿದೆ.

"ಈ ಮನೇಲಿ ನನ್ನ ಮಾತು ಕೇಳಿಸ್ಕೊಳ್ತಾ ಇದ್ದಿದ್ದು ಇದೊಂದೇ" ಅಂದಳು. "ಈಗ ಇದೂ ನಿಮ್ಮ ಹಾಗೇ ಆಯ್ತು."

ಏನಾದರೂ ಹೇಳಬೇಕಿತ್ತು. ಆದರೆ ಎಷ್ಟೋ ವರ್ಷದ ಅಭ್ಯಾಸ ನೋಡಿ, ಕನ್ನಡಕ ಒರೆಸುತ್ತಾ ನಾನು "ಹೂಂ" ಅಂದುಬಿಟ್ಟೆ.