ಅಂಬತ್ತೂರಿನಲ್ಲಿ ಅಡಂಬ್ರೇಟ್

ಮಾನ ಕಳೆಯಲು ಬೇರೆಯವರಿಗೆ ಶತ್ರುಗಳು ಬೇಕು. ನನಗೆ ನನ್ನ ಬಾಯಿಯೊಂದೇ ಸಾಕು. ಮದ್ರಾಸು ಆಗಷ್ಟೇ ಚೆನ್ನೈ ಆಗಿದ್ದ ಕಾಲ. ಮೈಸೂರಿನಿಂದ ಬಂದು ಅಂಬತ್ತೂರಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದಕ್ಕೆ ಸೇರಿದೆ. ಮೊದಲ ವರ್ಷ ಪ್ರೊಬೇಷನ್. ಕೆಲಸ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮಾವನ ಮನೆ ಸೇರಬೇಕು. ಹೆಂಡತಿ ಆಗಲೇ ಪುರಸೈವಾಕ್ಕಂ ಪೇಟೆಯಲ್ಲಿ ವೆಟ್ ಗ್ರೈಂಡರ್ ಕೊಂಡಾಗಿತ್ತು. "ಈ ಕಲ್ಲು ಹೊತ್ಕೊಂಡು ನಾನಂತೂ ವಾಪಸ್ ಬರಲ್ಲ ರೀ" ಎಂದು ಎಚ್ಚರಿಸಿದ್ದಳು.

ಮೊದಲ ಪ್ರಯೋಗ

ನನಗೆ ತಮಿಳು ಬಾರದು. ಆ ಕೊರತೆಯನ್ನು ಇಂಗ್ಲಿಷಿನಿಂದ ಮುಚ್ಚಲು ಹೊರಟೆ. ನಿಘಂಟಿನಲ್ಲಿ 'ಅಡಂಬ್ರೇಟ್' ಎಂಬ ಕ್ರಿಯಾಪದ ಸಿಕ್ಕಿತು. ವಿಷಯದ ಸ್ಥೂಲ ರೂಪವನ್ನಷ್ಟೇ ಹೇಳುವುದು ಎಂದರ್ಥ. ಮುಂದಾಗುವುದರ ಸುಳಿವು ಕೊಡುವುದು ಎಂಬ ಇನ್ನೊಂದು ಅರ್ಥವೂ ಇತ್ತು. ಅದನ್ನು ನಾನು ಗಮನಿಸಬೇಕಿತ್ತು.

ನಮ್ಮ ಮ್ಯಾನೇಜರು ನಮ್ಮ ಕಡೆಯಿಂದಲೇ ಹೋಗಿ ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಶ್ರೀವೈಷ್ಣವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಮೀಟಿಂಗಿನಲ್ಲಿ ಎದ್ದು ನಿಂತು, "ಸಾರ್, ಸಮಸ್ಯೆಯನ್ನು ಅಡಂಬ್ರೇಟ್ ಮಾಡಲೇ?" ಎಂದೆ.

ಅವರು ಕಣ್ಣು ಮುಚ್ಚಿ ತಲೆದೂಗಿದರು. "ತಾರಾಳಮಾ ಮಾಡಿ ಸ್ವಾಮಿ! ಈಗಿನವರಿಗೆ ಅದೇ ಬರಲ್ಲ ಪಾರುಂಗೋ."

ಕಾಫಿ ಆರಿ, ಮತ್ತೊಂದು ತರಿಸಿ, ಅದೂ ಆರುವವರೆಗೆ ಅಡಂಬ್ರೇಟ್ ಮಾಡಿದೆ. ಅರ್ಥವೇನೆಂದು ಯಾರೂ ಕೇಳಲಿಲ್ಲ. ನನಗೆ ಕೊಂಬು ಮೂಡಿತು.

ಮನೆಯಲ್ಲಿ

ಪರಾಕ್ರಮವನ್ನು ಹೆಂಡತಿಗೆ ಹೇಳಿದೆ. "ಹಾಗಂದ್ರೆ?" ಎಂದಳು. ಇಡೀ ಚೆನ್ನೈಯಲ್ಲಿ ಅದನ್ನು ಕೇಳುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ಚುಟುಕಾಗಿ ಹೇಳುವುದು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಅವಳು ಅಕ್ಕಿ ರುಬ್ಬಿ, ಉದ್ದು ರುಬ್ಬಿ, ಕಲ್ಲು ತೊಳೆದು ಇಟ್ಟಿದ್ದಳು.

"ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ" ಎಂದಳು.

ಮೂರನೇ ಲೇಥ್

ಮೂರನೇ ಲೇಥ್ ಗಡಗಡ ನಡುಗುತ್ತಿತ್ತು. ಸೂಪರ್‌ವೈಸರನ್ನು ಕರೆದು, "ಅದರ ತೊಂದರೆ ಏನೂಂತ ಅಡಂಬ್ರೇಟ್ ಮಾಡಿ" ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟೆ. ಆತ "ಸರಿ ಸಾರ್" ಎಂದು ಹೋದ. ಎರಡು ಮಾತು ಕೇಳಲು ಕಾದು ಕೂತೆ, ಸಂಜೆಯಾದರೂ ಆಳಿಲ್ಲ. ಮಾರನೆಯ ದಿನ ಬೆವರು ಒರೆಸಿಕೊಳ್ಳುತ್ತ ಬಂದ.

"ಮುಡಿಂಜಾಚು ಸಾರ್! ಫುಲ್ಲಾ ಅಡಂಬ್ರೇಟ್ ಪಣ್ಣಿಯಾಚು!"

ಎಲ್ಲ ಮುಗಿಯಿತು ಎಂದಷ್ಟು ತಿಳಿಯಿತು. ಹೋಗಿ ನೋಡಿದರೆ ಲೇಥನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಹಚ್ಚಿ, ಮತ್ತೆ ಜೋಡಿಸಿ, ಮೇಲೊಂದು ಕೋಟು ಹಸಿರು ಬಣ್ಣ ಬಳಿದಿದ್ದರು. ನಡುಕ ನಿಂತಿತ್ತು. ಪಕ್ಕದ ಲೇಥಿನವರು ಬಂದು, "ಸಾರ್, ನಮ್ಮದಕ್ಕೂ ಒಂದು ಅಡಂಬ್ರೇಟ್ ಹೇಳಿ" ಎಂದು ಕೈಮುಗಿದರು.

ಹೇಳಿದೆ. ಇನ್ನೇನು ಮಾಡಲಿ?

ಕೊನೆಯ ಪರೀಕ್ಷೆ

ವರ್ಷ ಮುಗಿಯಿತು. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮಾಲೀಕರೇ ಬಂದರು. ಮ್ಯಾನೇಜರು ಅಭಿಮಾನದಿಂದ, "ಇಲ್ಲಿ ಅಡಂಬ್ರೇಟ್ ಶುರು ಮಾಡಿದ್ದೇ ಇವರು. ಈಗ ಮೆಷಿನ್ನು ಕೆಡೋದೇ ಇಲ್ಲ" ಎಂದರು.

"ಅಡಂಬ್ರೇಟ್ ಅಂದರೇನು?" ಎಂದರು ಮಾಲೀಕರು.

ಮ್ಯಾನೇಜರು ನನ್ನ ಮುಖ ನೋಡಿದರು. ನನ್ನ ಕಣ್ಣಿಗೆ ಗ್ರೈಂಡರಿನ ಕಲ್ಲು ಕಂಡಿತು. ನಿಘಂಟಿನ ಅರ್ಥ ಹೇಳಿದರೆ ಮ್ಯಾನೇಜರ ಮಾನ, ನನ್ನ ಕೆಲಸ ಎರಡೂ ಒಟ್ಟಿಗೆ ಹೋಗುತ್ತವೆ.

"ಬಿಚ್ಚಿ, ತೊಳೆದು, ಗ್ರೀಸು ಹಾಕಿ, ಮತ್ತೆ ಜೋಡಿಸೋದು ಸಾರ್" ಎಂದೆ.

"ಗೊತ್ತು, ಗೊತ್ತು. ನಮ್ಮ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದರು. ನಿಮಗೆ ಗೊತ್ತಿದೆಯೋ ಇಲ್ಲವೋ ಅಂತ ನೋಡಿದೆ" ಎಂದು ಅವರು ಸಹಿ ಹಾಕಿಯೇಬಿಟ್ಟರು. ನನ್ನ ಜೀವ ಮರಳಿ ಬಂತು. ಅಷ್ಟರಲ್ಲಿ ಪೆನ್ನು ಜೇಬಿಗಿಡುತ್ತ, "ನನ್ನ ಕಾರೂ ತುಂಬ ಸದ್ದು ಮಾಡ್ತಿದೆ. ಅದನ್ನೂ ಅಡಂಬ್ರೇಟ್ ಮಾಡಿಬಿಡಿ. ನೀವೇ ಮಾಡಬೇಕು" ಎಂದರು.

ಸೂಪರ್‌ವೈಸರ್ ಸ್ಪ್ಯಾನರ್ ಕೊಡುತ್ತ ನಿಂತ. ನಾನು ಕಾರಿನಡಿ ಮಲಗಿದೆ. ಸಂಜೆ ಮುಖ, ಮೂಗು, ಅಂಗಿಯ ತುಂಬ ಗ್ರೀಸು ಮೆತ್ತಿಕೊಂಡು ಮನೆ ಬಾಗಿಲಲ್ಲಿ ನಿಂತಾಗ ಹೆಂಡತಿ ಕಿರುಚಿಕೊಂಡಳು.

"ಏನ್ರೀ ಇದು ಅವತಾರ? ಏನಾಯ್ತು?"

ಮಾತಾಡಲು ತ್ರಾಣವಿರಲಿಲ್ಲ. "ಪರ್ಮನೆಂಟ್" ಎಂದಷ್ಟೇ ಅಂದೆ.

ಅವಳು ಬೆರಗಾಗಿ ನನ್ನನ್ನೇ ನೋಡಿದಳು. "ಅಯ್ಯೋ, ಅಂತೂ ಅಡಂಬ್ರೇಟ್ ಮಾಡೋದು ಕಲಿತುಬಿಟ್ರಲ್ಲ!"