ಹಿಂದಿನ ಸೀಟಿನ ಹಳೇ ವರ್ಷ

ಲಿಸಾರ್ದೊ ಮಾಡಿದ ತಪ್ಪು ಇಷ್ಟೇ. ಬೊಂಬೆಗೆ ಮೀಸೆ ಬರೆಸಿದ.

ಕೊಲಂಬಿಯಾದ ನಮ್ಮ ಗಡಿಯೂರಿನಲ್ಲಿ ಡಿಸೆಂಬರ್ ಮೂವತ್ತೊಂದರ ನಡುರಾತ್ರಿ ಹಳೇ ವರ್ಷದ ಬೊಂಬೆಯನ್ನು ಸುಡದೆ ಹೊಸ ವರ್ಷ ಬರುವುದಿಲ್ಲ. ಅದಕ್ಕೆ ಮೊದಲು ಬೊಂಬೆ ಹಗಲೆಲ್ಲ ಬೀದಿಯ ತುದಿಯಲ್ಲಿ ಕುರ್ಚಿಯ ಮೇಲೆ ಕೂತಿರಬೇಕು. ಹೋಗಿಬರುವವರೆಲ್ಲ ವರ್ಷದ ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳಬೇಕು. ಹೋದ ಸಲ ನಮ್ಮ ಬೀದಿಯ ಬೊಂಬೆಯ ತಲೆ ಮಧ್ಯಾಹ್ನಕ್ಕೇ ಉದುರಿ, ಪಕ್ಕದ ಬೀದಿಯವರೆದುರು ನಮ್ಮ ಮಾನ ಹೋಗಿತ್ತು.

ಆದ್ದರಿಂದ ಈ ಸಲ ಬೀದಿಯ ಯಜಮಾನಿಕೆ ನಡೆಸುವ ಎದೆಲ್ಮಿರಮ್ಮ ಸೊಂಟದ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ಬೆರಳೆತ್ತಿ ಲಿಸಾರ್ದೊಗೆ ಅಪ್ಪಣೆ ಕೊಟ್ಟರು.

"ನಿಮ್ಮ ಈಕ್ವೆಡಾರ್‌ನವರು ಬೊಂಬೆ ಚೆನ್ನಾಗಿ ಮಾಡ್ತಾರಂತಲ್ಲಪ್ಪ. ನಾಳೆ ಊಟದ ಹೊತ್ತಿಗೆ ಒಂದು ತಂದು ಕೂರಿಸು. ಆಮೇಲೆ ನಮ್ಮನೇಲೇ ಊಟ ಮಾಡು, ಮದುವೆ ಮಾತಾಡೋಣ."

ಅವರ ಮಗಳು ಮಿರೇಯಾಳಿಗಾಗಿ ಈ ಹುಡುಗ ಗಡಿ ದಾಟಿ ಬಂದು ಬಂದು ಚಪ್ಪಲಿ ಸವೆಸಿದ್ದ. ಆ ಮನೆಯ ಊಟದ ಮೇಜಿಗೆ ಕರೆ ಬಂದದ್ದು ಇದೇ ಮೊದಲು. ಪಾಪ, ರಾತ್ರಿಯೆಲ್ಲ ಅವನಿಗೆ ನಿದ್ದೆ ಬರಲಿಲ್ಲ.

ಬೆಳಗಾಗುತ್ತಲೇ ಬೈಕಿನಲ್ಲಿ ಗಡಿಯಾಚೆ ತನ್ನ ಸೋದರಮಾವನ ಮನೆಗೆ ಹೋಗಿ, ಮರದ ಹೊಟ್ಟು ತುಂಬಿದ ಆಳೆತ್ತರದ ಬೊಂಬೆಯನ್ನು ಮಾಡಿಸಿಕೊಂಡ. ಕೋಟು, ಟೈ, ಹುರಿ ಮೀಸೆ, ಎಲ್ಲ ಇತ್ತು. ಅದನ್ನು ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿ, ತಂತಿಯ ಕೈಗಳನ್ನು ತನ್ನ ಸೊಂಟಕ್ಕೆ ಸುತ್ತಿಸಿಕೊಂಡು ಹೊರಟ. ಗಡಿಯಲ್ಲಿ ಯಾರೂ ತಡೆಯಲಿಲ್ಲ. ನಮ್ಮೂರ ಬಾಗಿಲಲ್ಲಿ ಟ್ರಾಫಿಕ್ ಪೊಲೀಸ್ ರೊಸೇರೊ ಸೀಟಿ ಊದಿದ.

"ಹೆಲ್ಮೆಟ್ ಎಲ್ಲಿ?" ರೊಸೇರೊ ತಲೆ ಎತ್ತದೆ ದಂಡದ ಚೀಟಿ ಬರೆಯತೊಡಗಿದ.

"ತಲೆ ಮೇಲಿದೆ ಸಾರ್."

"ನಿಂದಲ್ಲ, ಹಿಂದಿನವರದು. ಯಜಮಾನ್ರೆ, ಇಳೀರಿ. ಈ ಊರಲ್ಲಿ ಗಂಡಸರು ಹಿಂದೆ ಕೂರೋ ಹಾಗಿಲ್ಲ ಅಂತ ಗೊತ್ತಿಲ್ವಾ?"

ಗೊತ್ತಿರಲು ಲಿಸಾರ್ದೊ ಈ ಊರವನಲ್ಲ. ಬೈಕಿನ ಹಿಂದೆ ಕೂತವರು ಗುಂಡು ಹಾರಿಸಿ ಪರಾರಿಯಾಗುತ್ತಿದ್ದ ಕೆಟ್ಟ ಕಾಲದಲ್ಲಿ ಬಂದ ಕಾನೂನು ಅದು. ಯಜಮಾನರಂತೂ ಮಿಸುಕಲಿಲ್ಲ.

"ಬೆಳಿಗ್ಗೇನೇ ಕುಡಿದಿದ್ದಾರಾ?" ಎನ್ನುತ್ತ ರೊಸೇರೊ ಭುಜ ಹಿಡಿದು ಅಲ್ಲಾಡಿಸಿದ. ತೋಳಿನಿಂದ ಮರದ ಹೊಟ್ಟು ಅವನ ಬೂಟಿನ ಮೇಲೆ ಸುರಿಯಿತು.

ರಸ್ತೆಬದಿಯಲ್ಲಿ ಎಂಪನಾದ ಎಂಬ ಕಡುಬು ಕರಿಯುತ್ತಿದ್ದ ಬೆರ್ತಿಲ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಾಟರಿ ಮಾರುವವನೂ ಬಂದು ನಿಂತ. ರೊಸೇರೊನ ಕಿವಿ ಕೆಂಪಾಯಿತು. ಅಷ್ಟು ಜನ ನಕ್ಕ ಮೇಲೆ ಯಾವ ಪೊಲೀಸ್ ತಾನೇ ಹಿಂದೆಗೆಯುತ್ತಾನೆ ಹೇಳಿ.

"ಸಾರ್, ಅದು ಬೊಂಬೆ."

"ಕಾಣುತ್ತೆ. ಗಂಡು ಬೊಂಬೆ ತಾನೆ?"

"ಜೀವ ಇಲ್ವಲ್ಲ ಸಾರ್."

"ಜೀವ ಇರಲೇಬೇಕು ಅಂತ ಕಾನೂನಲ್ಲಿ ಎಲ್ಲೂ ಹೇಳಿಲ್ಲ. ಬೈಕ್ ಠಾಣೆಗೆ ಹೋಗುತ್ತೆ. ನಾಳೆ ರಜ, ನಾಡಿದ್ದು ಬಾ."

ಲಿಸಾರ್ದೊಗೆ ಕಣ್ಣಲ್ಲಿ ನೀರೇ ಬಂತು. "ಇವತ್ತು ನನ್ನ ಮದುವೆ ಮಾತು ಸಾರ್. ಈ ಬೊಂಬೆ ಕೈ ತಪ್ಪಿದ್ರೆ ಹುಡುಗೀನೂ ತಪ್ಪಿದ ಹಾಗೆ."

"ಬೊಂಬೆ ಓಡಿಸಲಿ, ನೀನು ಹಿಂದೆ ಕೂತ್ಕೊ," ಎಂದ ಲಾಟರಿಯವನು.

"ಇವನೂ ಗಂಡಸೇ ಅಲ್ವೇನ್ರಿ," ಎಂದು ರೊಸೇರೊ ಗಂಭೀರವಾಗಿ ಆಕ್ಷೇಪಿಸಿದ.

ಬೆರ್ತಿಲ್ಡಕ್ಕ ಬಾಣಲೆಯಿಂದ ಜಾಲರಿ ಸೌಟನ್ನು ಎತ್ತಿಟ್ಟಳು. "ಹೆಂಗಸರು ಕೂರಬಹುದಾ ಸಾರ್?"

"ಧಾರಾಳವಾಗಿ. ಹೆಲ್ಮೆಟ್ ಇರಬೇಕು, ಅಷ್ಟೆ."

ಮಿರೇಯಾಳಿಗೆಂದು ಇಟ್ಟುಕೊಂಡಿದ್ದ ಗುಲಾಬಿ ಬಣ್ಣದ ಹೆಲ್ಮೆಟ್ ಬೈಕಿನಲ್ಲೇ ಇತ್ತು. ಉಳಿದದ್ದನ್ನು ಅಕ್ಕ ನೋಡಿಕೊಂಡಳು. ಕೋಟು ಬಿಚ್ಚಿಸಿ, ತನ್ನ ಹಳೆಯ ಲಂಗ ಸುತ್ತಿ, ಮೇಲೆ ಏಪ್ರನ್ ಕಟ್ಟಿದಳು. ತಲೆಗೆ ಹೂವಿನ ವಸ್ತ್ರ ಬಿಗಿದು, ತುಟಿಗೆ ಬಣ್ಣ ಬಳಿದಳು. ಮೀಸೆಯ ಮೇಲೆ ಎಷ್ಟು ಜೋಳದ ಹಿಟ್ಟು ಮೆತ್ತಿದರೂ ಅದು ತೆಳ್ಳಗೆ ಇಣುಕುತ್ತಲೇ ಇತ್ತು.

"ಇರಲಿ ಬಿಡು, ಎಷ್ಟೋ ಹೆಂಗಸರಿಗೆ ಇರುತ್ತೆ," ಎಂದಳು.

ರೊಸೇರೊ ಸುತ್ತ ಒಂದು ಸಲ ಬಂದು ನೋಡಿದ. "ನಡುರಸ್ತೇಲಿ ಹೀಗೆ ತಬ್ಬಿಕೊಂಡು ಹೋಗೋದು ಚೆನ್ನಾಗಿರಲ್ಲ. ಕೈ ತೆಗೆಸು."

ಎಳೆದ ರಭಸಕ್ಕೆ ತಂತಿಯ ಒಂದು ಕೈ ಬೊಂಬೆಯ ಸೊಂಟಕ್ಕೇ ಅಂಟಿಕೊಂಡಿತು. ಇನ್ನೊಂದು ಕೈ ಬೆರಳೆತ್ತಿಕೊಂಡು ಗಾಳಿಯಲ್ಲಿ ನಿಂತುಬಿಟ್ಟಿತು. ಸರಿಮಾಡಲು ಯಾರಿಗೆ ಪುರಸೊತ್ತು? ದಂಡದ ಚೀಟಿ ಹರಿದೆಸೆದು ರೊಸೇರೊ ಸೆಲ್ಯೂಟ್ ಹೊಡೆದ. "ಹೋಗಿ ಬನ್ನಿ ಅಮ್ಮಾ."

ಊಟದ ಹೊತ್ತಿಗೆ ಸರಿಯಾಗಿ ಬೈಕು ಬೀದಿಗೆ ಬಂತು. ಜನವೆಲ್ಲ ಬಾಗಿಲಲ್ಲಿದ್ದರು. ಲಿಸಾರ್ದೊ ಬೊಂಬೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಲ್ಮೆಟ್ ತೆಗೆದು, ತಲೆವಸ್ತ್ರ ಸರಿಪಡಿಸಿ, ಹೊಗಳಿಕೆಗೆ ಕಾದು ನಿಂತ.

ಎದುರುಮನೆಯ ದರ್ಜಿ ತೆಲ್ಮೊ ಬೊಂಬೆಯನ್ನು ನೋಡಿದ, ಎದೆಲ್ಮಿರಮ್ಮನನ್ನು ನೋಡಿದ. ಅವರು ಹೂವಿನ ತಲೆವಸ್ತ್ರ ಕಟ್ಟಿ, ಏಪ್ರನ್ ತೊಟ್ಟು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯ ಬೆರಳೆತ್ತಿ ನಿಂತಿದ್ದರು.

"ಮೀಸೆ ಸಮೇತ ತಂದಿದ್ದಾನಲ್ರೀ," ಎಂದ ತೆಲ್ಮೊ.

ಆಮೇಲೆ ಎದ್ದ ನಗು ಪಕ್ಕದ ಬೀದಿಗೂ ಕೇಳಿಸಿತು. ಎದೆಲ್ಮಿರಮ್ಮ ಮಾತ್ರ ನಗಲಿಲ್ಲ, ಬಯ್ಯಲೂ ಇಲ್ಲ. ಬೊಂಬೆಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ನನ್ನನ್ನ ಸುಡೋಕೆ ನಾನು ಬಿಡಲ್ಲ. ಆದ್ರೆ ಕುರ್ಚಿ ಖಾಲಿ ಇರಬಾರದು. ಕೂತ್ಕೊ."

ಲಿಸಾರ್ದೊ ಕೂತ. ಮಿರೇಯಾ ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತ 'ಹಳೇ ವರ್ಷ' ಎಂದು ಬರೆದ ರಟ್ಟನ್ನು ಅವನ ಕೊರಳಿಗೆ ಹಾಕಿದಳು. ತೆರೆದ ಬಾಗಿಲಿನಿಂದ ಊಟದ ಮೇಜು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಅವನಿಗೆಂದು ಬಿಟ್ಟಿದ್ದ ಜಾಗದಲ್ಲಿ ಬೊಂಬೆ ಬೆರಳೆತ್ತಿ ಕೂತಿತ್ತು.

"ಅಮ್ಮಾವ್ರೆ, ಮದುವೆ ಮಾತು?" ಎಂದು ಅಲ್ಲಿಂದಲೇ ಕೇಳಿದ.

"ಹಳೇ ವರ್ಷದ ಹತ್ರ ಯಾರಾದ್ರೂ ಮದುವೆ ಮಾತಾಡ್ತಾರೇನಪ್ಪ," ಎಂದು ಒಳಗಿಂದ ಉತ್ತರ ಬಂತು.

ಅಷ್ಟರಲ್ಲಿ ತೆಲ್ಮೊ ರಾತ್ರಿಗೆಂದು ತಂದ ಸೀಮೆಎಣ್ಣೆ ಡಬ್ಬವನ್ನು ಕುರ್ಚಿಯ ಕಾಲಿನ ಬಳಿ ಇಟ್ಟು, ಲಿಸಾರ್ದೊನ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ.

"ಈ ಸಲದ್ದು ಗಟ್ಟಿಯಾಗಿದೆ ಕಣ್ರೋ."