ಕೋಳಿಗೆ ಹಾಕಿದ ತೆನೆ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಇಲಿ. ಮುಸುಕಿನ ಜೋಳದ ಸಂಶೋಧನಾ ಕೇಂದ್ರದ ಉಗ್ರಾಣದಲ್ಲಿ ಅದು ಬೇರೆ ತೆನೆಗಳನ್ನೆಲ್ಲ ಮೂಸಿ ಬಿಟ್ಟು, ದೊಡ್ಡ ಮೇಡಂ ಆರಿಸಿಟ್ಟ ತೆನೆಗಳಿಗೇ ಬಾಯಿ ಹಾಕುತ್ತಿತ್ತು. ಕೊನೆಗೆ ಉಳಿದ ಒಂದೇ ಒಂದು ತೆನೆಯನ್ನು ಕಾಳಪ್ಪ ಊಟದ ಚೀಲದಲ್ಲಿ ಮನೆಗೆ ತಂದು, ಅಡುಗೆಮನೆಯ ಅಟ್ಟದ ಮೇಲೆ ಜೋಪಾನ ಮಾಡಿದ್ದ.

ಕಾಳಪ್ಪ ಎನ್ನುವುದು ಅವನ ಹೆಸರಲ್ಲ, ಕೆಲಸದಿಂದ ಅಂಟಿಕೊಂಡದ್ದು. ಕತ್ತಲೆ ಕೋಣೆಯಲ್ಲಿ ಕೂತು, ಅಡಿಯಲ್ಲಿ ದೀಪವಿರುವ ಗಾಜಿನ ಹಲಗೆಯ ಮೇಲೆ ಜೋಳದ ಕಾಳು ಹರವಿ, ಯಾವುದರಲ್ಲಿ ಬೆಳಕು ಎಷ್ಟು ಹಾಯುತ್ತದೆಂದು ನೋಡಿ ಒಳ್ಳೆಯ ಕಾಳು ಗುರುತಿಸುವುದೇ ಅವನ ಕೆಲಸ. ಆರು ವರ್ಷದಿಂದ ಹಂಗಾಮಿ. "ಈ ತೆನೆ ನಾಳೆ ಪರೀಕ್ಷೇಲಿ ಗೆಲ್ಲಲಿ, ನಿನ್ನ ಕೆಲಸ ಖಾಯಂ" ಎಂದು ಮೇಡಂ ಮಾತು ಕೊಟ್ಟಿದ್ದರು.

ಆ ತೆನೆಯೆಂದರೆ ಅವನಿಗೆ ಭಯಭಕ್ತಿ. ಮೇಡಂ ಒಮ್ಮೆ ಬಿಡಿಸಿ ಹೇಳಿದ್ದರು: "ಸಾಮಾನ್ಯ ಜೋಳ ಹೊಟ್ಟೆ ತುಂಬಿಸುತ್ತೆ ಕಣಯ್ಯಾ, ಮೈ ತುಂಬಿಸಲ್ಲ. ಅದರ ಪ್ರೋಟೀನಲ್ಲಿ ಲೈಸಿನ್, ಟ್ರಿಪ್ಟೋಫಾನ್ ಅನ್ನೋ ಎರಡು ಅಮೈನೋ ಆಮ್ಲ ಕಮ್ಮಿ. ನಮ್ಮ ಮೈ ಅವನ್ನ ತಾನಾಗಿ ಮಾಡ್ಕೊಳ್ಳಲ್ಲ, ತಿಂದೇ ಪಡೀಬೇಕು. ಬರೀ ಜೋಳ ತಿನ್ನೋ ಮಗು ಎಷ್ಟು ತಿಂದ್ರೂ ಬೆಳೆಯಲ್ಲ." ಅವೆರಡೂ ತುಂಬಿದ ಜೋಳ ಹಿಂದೆಯೇ ಸಿಕ್ಕಿತ್ತು. ಆದರೆ ಅದರ ಕಾಳು ಸುಣ್ಣದಂತೆ ಮೆತ್ತಗೆ. ನೋಡಿದವರೆಲ್ಲ ಮೂಗು ಮುರಿಯುತ್ತಿದ್ದರು. ಅದನ್ನು ಗಟ್ಟಿ ಮಾಡಿ, ಊರ ಜೋಳದಂತೆಯೇ ಕಾಣಿಸಲು ಮೇಡಂಗೆ ಒಂಬತ್ತು ವರ್ಷ ಹಿಡಿದಿತ್ತು. ಈಗ ಬರಿಗಣ್ಣಿನಲ್ಲಿ ನೋಡಿದರೆ ಬ್ರಹ್ಮನಿಗೂ ವ್ಯತ್ಯಾಸ ತಿಳಿಯದು. ಉಗುರಿನಷ್ಟು ಕಾಳಿನೊಳಗೆ ಒಂದು ಮಗುವಿನ ಮೂಳೆ, ಮಾಂಸ, ನಗು ಎಲ್ಲ ಅಡಗಿ ಕೂತಿದೆಯಲ್ಲ ಎಂದು ನೆನೆದಾಗಲೆಲ್ಲ ಕಾಳಪ್ಪನಿಗೆ ಮೈ ಜುಮ್ಮೆನ್ನುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಅಟ್ಟ ಖಾಲಿ.

"ಅತ್ತೇ, ಇಲ್ಲಿದ್ದ ತೆನೆ ಎಲ್ಲಿ?"

"ಅದಾ ಅಳಿಯಂದ್ರೇ? ಪಕ್ಕದ್ಮನೆ ಪೋಸ್ಟ್ ಮಾಸ್ತರಿಗೆ ಕೊಟ್ಟೆ, ಕೋಳಿಗೆ ಹಾಕ್ಲಿ ಅಂತ. ಪಾಪ, ದಿನಾ ಮೊಟ್ಟೆ ಕೊಡ್ತಾರೆ, ನಾವೂ ಏನಾದ್ರೂ ಕೊಡಬೇಕಲ್ವಾ? ಅದಕ್ಕೊಂದು ಚೀಟಿ ಬೇರೆ ಕಟ್ಟಿದ್ರಿ. ಕೋಳಿ ಗಂಟಲಿಗೆ ಸಿಕ್ಕೀತು ಅಂತ ಬಿಚ್ಚಿ ಇಟ್ಟಿದೀನಿ, ತಗೊಳ್ಳಿ."

ಕಾಳಪ್ಪ ಚೀಟಿ ಕಿತ್ತುಕೊಂಡು ಬೇಲಿ ಹಾರಿದ. ನಿವೃತ್ತ ಪೋಸ್ಟ್ ಮಾಸ್ತರು ಬಚ್ಚಲಲ್ಲಿ ಹಾಡು ಹೇಳುತ್ತ ಸ್ನಾನ ಮಾಡುತ್ತಿದ್ದರು. ಅಂಗಳದಲ್ಲಿ ಐದು ಕೋಳಿ, ನಡುವೆ ಬರೀ ದಿಂಡು. ಒಂದು ಕೋಳಿ ಕೊನೆಯ ಕಾಳನ್ನು ಕೊಕ್ಕಿನಲ್ಲಿ ಹಿಡಿದಿತ್ತು.

"ಉಗಿಯೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಅವನು ಅದರ ಬಾಯಿ ಬಿಡಿಸಲು ಹೋದ. ಕೋಳಿ ಕಾಳನ್ನು ನುಂಗಿ, ಅವನ ಮೂಗನ್ನು ಕುಕ್ಕಿತು.

ಹತ್ತಕ್ಕೆ ಪರೀಕ್ಷೆ. ದಿಕ್ಕು ತೋಚದೆ ತಲೆಯೆತ್ತಿದಾಗ ಜಗಲಿಯ ತೊಲೆಯಲ್ಲಿ ಕೋಳಿಗೆಂದು ದಾರದಲ್ಲಿ ಕಟ್ಟಿದ್ದ ಒಣ ತೆನೆಗಳ ಸಾಲು ಕಂಡಿತು. ಸ್ಟೂಲು ಹತ್ತಿ, ದಪ್ಪನೆಯದೊಂದನ್ನು ಕಿತ್ತ. ಸ್ಟೂಲು ಕಿರುಗುಟ್ಟಿತು.

"ಯಾರದು?" ಬಚ್ಚಲಿನಿಂದ ಮಾಸ್ತರ ಗುಡುಗು.

"ಕೊಕ್... ಕೊಕ್ಕೊಕ್..." ಎಂದ ಕಾಳಪ್ಪ.

"ಥೂ, ಏನು ಕಾಟವಪ್ಪಾ ಈ ಕೋಳಿಗಳದ್ದು!" ಎಂದು ಮಾಸ್ತರು ಹಾಡು ಮುಂದುವರಿಸಿದರು.

ಕಳ್ಳ ತೆನೆಗೆ ಚೀಟಿ ಕಟ್ಟಿ ಕಾಳಪ್ಪ ಮೇಡಂ ಕೈಗಿಟ್ಟ.

"ಮೂಗಿಗೇನಾಯ್ತಯ್ಯಾ?"

"ಇಲಿ ಕಚ್ಚಿತು ಮೇಡಂ."

ಮೇಡಂ ಹತ್ತು ಕಾಳು ಬಿಡಿಸಿ, ಪುಡಿ ಮಾಡಿಸಿ, ಔಷಧ ಬೆರೆಸಿ, ಗಾಜಿನ ನಳಿಗೆಗಳಲ್ಲಿ ಇಟ್ಟರು. ಬೇಕಾದ ಸತ್ವ ಇದ್ದಷ್ಟೂ ನೀರು ನೇರಳೆಗೆ ತಿರುಗುತ್ತದೆ. ಬಣ್ಣ ತೆಳುವಾಗಿಯೇ ಬರಲಿ, ಕೆಲಸ ಹೋಗಲಿ, ಈ ಯಮಯಾತನೆ ಮುಗಿದರೆ ಸಾಕು ಎಂದು ಕಾಳಪ್ಪ ಮೂಲೆಯಲ್ಲಿ ಕೂತಿದ್ದ.

ಮಧ್ಯಾಹ್ನ ಕಳೆಯಿತು. ನಳಿಗೆಯ ತಳದಲ್ಲಿ ಮೆಲ್ಲಗೆ ಬಣ್ಣ ಎದ್ದಿತು. ಏರಿತು. ಇನ್ನೂ ಏರಿತು. ಕೊನೆಗೆ ಮಾಗಿದ ನೇರಳೆ ಹಣ್ಣಿನ ರಸದ ಹಾಗೆ ಕಡುವಾಗಿ ನಿಂತಿತು. ಇಂಥ ಬಣ್ಣವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಂಬತ್ತು ವರ್ಷ..." ಎಂದರು. ಮೇಜಿನ ಖಾನೆಯಿಂದ ಕಾಳಪ್ಪನ ಖಾಯಂ ಆದೇಶ ತೆಗೆದು ಪೆನ್ನು ಎತ್ತಿದರು.

ಆ ಕಣ್ಣೀರು ನೋಡಿ ಕಾಳಪ್ಪನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಮೇಡಂ! ಇದು ನಮ್ಮ ತೆನೆ ಅಲ್ಲ. ನಮ್ಮದನ್ನ ಕೋಳಿ ತಿಂದ್ಬಿಡ್ತು. ಇದು ಪಕ್ಕದ್ಮನೆ ಜಗಲೀಲಿ ಕದ್ದಿದ್ದು!"

ಮೇಡಂಗೆ ಸಿಟ್ಟು ಬರಲೇ ಇಲ್ಲ. ಬೆರಗಿನಿಂದ ಬಾಯಿ ತೆರೆದು ನಳಿಗೆಯನ್ನೇ ನೋಡಿದರು. "ಅಂದ್ರೆ, ನಾನು ಒಂಬತ್ತು ವರ್ಷ ಹುಡುಕಿದ್ದು ಯಾರದೋ ಜಗಲೀಲಿ ನೇತಾಡ್ತಾ ಇತ್ತಾ? ನಡಿ, ಆ ಪುಣ್ಯಾತ್ಮರನ್ನ ನೋಡೋಣ. ಅವರನ್ನ ತೋರಿಸು, ಅಲ್ಲೇ ಸಹಿ ಹಾಕ್ತೀನಿ." ಆದೇಶವನ್ನು ಚೀಲಕ್ಕೆ ಸೇರಿಸಿದರು. ಕಾಳಪ್ಪನಿಗೆ ಹೋದ ಜೀವ ಬಂದಂತಾಯಿತು.

ಜಗಲಿಯಲ್ಲಿ ಮಾಸ್ತರು ಕೋಲು ಹಿಡಿದು ಕಳ್ಳನಿಗೆ ಶಾಪ ಹಾಕುತ್ತಿದ್ದರು. ಮೇಡಂ ತೆನೆಯನ್ನು ಮುಂದೆ ಹಿಡಿದು ಕೈಮುಗಿದರು. "ಸ್ವಾಮೀ, ಇದರ ಬೀಜ ನಿಮಗೆಲ್ಲಿ ಸಿಕ್ತು?"

"ಅಯ್ಯೋ, ಬೆಳಿಗ್ಗೆಯಿಂದ ಇದನ್ನೇ ಹುಡುಕ್ತಾ ಇದೀನಲ್ಲಮ್ಮಾ! ಪಕ್ಕದ್ಮನೆ ಅಮ್ಮ ಕೋಳಿಗೆ ಹಾಕಿ ಅಂತ ಕೊಟ್ರು. ಕೈಲಿ ಹಿಡಿದು ನೋಡಿದೆ. ಯಾಕೋ, ಇಂಥಾದ್ದನ್ನ ಕೋಳಿಗೆ ಹಾಕೋಕೆ ಮನಸ್ಸೇ ಬರಲಿಲ್ಲ. ಬಿತ್ತೋಣ ಅಂತ ಮೇಲೆ ಕಟ್ಟಿ, ನಂದೇ ಒಂದು ಹುಳುಕು ತೆನೆ ಎಸೆದೆ."

ಬೇಲಿಯಾಚೆಯಿಂದ ಅತ್ತೆ, "ನೋಡಿದ್ರಾ ಅಳಿಯಂದ್ರೇ, ಒಳ್ಳೆಯವರ ಕೈಗೇ ಕೊಟ್ಟಿದೀನಿ!" ಎಂದರು.

ಮೇಡಂ ನಿಧಾನವಾಗಿ ಕಾಳಪ್ಪನ ಕಡೆ ತಿರುಗಿದರು. "ನಿನ್ನ ತೆನೆಯನ್ನ ನೀನೇ ಕದ್ದು ತಂದೆಯಾ? ಒಂದು ಕಾಳನ್ನ ದೀಪದ ಹಲಗೆ ಮೇಲಾದ್ರೂ ಇಟ್ಟು ನೋಡಬಾರದಿತ್ತಾ? ಅದೊಂದೇ ತಾನೇ ನಿನ್ನ ಕೆಲಸ?" ಮತ್ತೆ ಮಾಸ್ತರ ಕಡೆ ತಿರುಗಿದಾಗ ಅವರ ದನಿಯಲ್ಲಿ ಭಕ್ತಿಯಿತ್ತು. "ಬರಿಗಣ್ಣಲ್ಲಿ ಗುರುತಿಸಿದಿರಲ್ಲ ಸ್ವಾಮೀ! ನನಗೇ ಆಗಲ್ಲ. ಕಾಳು ನೋಡೋ ಕೆಲಸಕ್ಕೆ ನೀವು ಬರ್ತೀರಾ?"

ಆದೇಶದಲ್ಲಿ ಕಾಳಪ್ಪನ ಹೆಸರು ಹೊಡೆದು, ಮೇಲೆ ಮಾಸ್ತರ ಹೆಸರು ಬರೆದು, ಮೇಡಂ ಅಲ್ಲೇ ಸಹಿ ಹಾಕಿದರು.

"ಮತ್ತೆ ನಾನು, ಮೇಡಂ?"

"ಉಗ್ರಾಣದ ಇಲಿ ಹಿಡಿ. ಒಳ್ಳೇ ತೆನೆ ಯಾವುದು ಅಂತ ಅದಕ್ಕೂ ಗೊತ್ತಿತ್ತು, ಒಂದಷ್ಟು ದಿನ ಅದರ ಹಿಂದೆ ಓಡಾಡಿ ಕಲಿತುಕೋ" ಎಂದು ಮೇಡಂ ಗಾಡಿ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದರು. "ಹಂಗಾಮಿಯಾಗಿ."